ಕಿತ್ತುಹೋದರೆ ನೀವು ಎಲ್ಲಿರುತ್ತೀರಿ?

ಹಗ್ಗ ಹಾಕಿ ಮರ ಹತ್ತುವವರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳಿವೆ. ಫ್ರಿಕ್ಷನ್ ಸೇವರ್ ಮನೆಯಲ್ಲೇ ಮಾಡ್ಕೋಬಹುದಾ ಅಂತ. ಅದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕೊಂಬೆಯ ಮೇಲೆ ಹಗ್ಗ ನೇರವಾಗಿ ಉಜ್ಜದ ಹಾಗೆ ನಡುವೆ ಹಾಕುವ ಸಾಮಾನು ಅದು. ಒಂದು ಬಗೆಯದು ಬರೀ ಕೊಳವೆ. ಹಗ್ಗ ಅದರೊಳಗೆ ಓಡುತ್ತದೆ. ಇನ್ನೊಂದು ಬಗೆಯದು ಎರಡು ತುದಿಗೂ ರಿಂಗ್ ಇರುವ ಪಟ್ಟಿ. ಪಟ್ಟಿ ಕೊಂಬೆಯ ಮೇಲೆ ಕೂರುತ್ತದೆ, ಹಗ್ಗ ಎರಡೂ ರಿಂಗ್‌ಗಳೊಳಗಿಂದ ಹಾದು ಓಡುತ್ತದೆ. ಈ ಎರಡು ಬಗೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಸಾರ್, ನಾನು ಹಗ್ಗವನ್ನು ಕವಲಿನ ಮೇಲೆ ಹಾಕಿ ಹಾಗೇ ಹತ್ತುತ್ತೇನೆ. ಎರಡು ವರ್ಷದಿಂದ ಏನೂ ಆಗಿಲ್ಲ. ಇದೆಲ್ಲ ನಿಜವಾಗಲೂ ಬೇಕಾ, ಇಲ್ಲ ಸುಮ್ನೆ ಶೋಕಿನಾ?

ಏನೂ ಆಗಿಲ್ಲ ಅಂತೀರಿ. ನಿಮ್ಮ ಭುಜಕ್ಕೂ ಒಂದು ಮಾತು ಕೇಳಿ ನೋಡಿ.

ನೀವು ಹತ್ತುವುದು ಓಡುವ ಹಗ್ಗದಲ್ಲಿ. ಅಂದರೆ ಹಗ್ಗದ ಒಂದು ತುದಿ ನಿಮ್ಮ ಸೊಂಟಕ್ಕೆ ಬಿಗಿದ ಹಾರ್ನೆಸ್‌ಗೆ ಕಟ್ಟಿದೆ, ಅದು ಮೇಲೆ ಕೊಂಬೆ ದಾಟಿ ಕೆಳಗೆ ಬಂದಿದೆ, ಆ ಬದಿಯಲ್ಲಿ ನಿಮ್ಮ ಹಿಡಿತದ ಗಂಟು, ಅಂದರೆ ಕೈಯಲ್ಲಿ ಸರಿಸಿದರೆ ಸರಿಯುವ, ಕೈ ಬಿಟ್ಟರೆ ಹಗ್ಗ ಕಚ್ಚಿ ನಿಲ್ಲುವ ಗಂಟು ಇದೆ. ಒಂದೊಂದು ಅಡಿ ಏರಿದಾಗಲೂ ಹಗ್ಗ ಕೊಂಬೆಯ ಮೇಲೆ ಜಾರಲೇಬೇಕು. ಹೀಗೆ ದುಂಡನೆಯ ವಸ್ತುವಿನ ಮೇಲೆ ಅರ್ಧ ಸುತ್ತು ಹಾದ ಹಗ್ಗದಲ್ಲಿ ಎರಡು ಬದಿಯ ಎಳೆತಕ್ಕೆ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಗಣಿತಜ್ಞ ಆಯ್ಲರ್ ಕಾಲದಿಂದಲೂ ಒಂದು ಲೆಕ್ಕ ಇದೆ. ತೊಗಟೆಯ ಘರ್ಷಣೆ ಗುಣಾಂಕ, ಅಂದರೆ ಅದು ಎಷ್ಟು ಉಜ್ಜಿ ಹಿಡಿಯುತ್ತದೆ ಅನ್ನುವ ಅಳತೆ, 0.5 ಅಂತ ಇಟ್ಟುಕೊಳ್ಳಿ. ಆಗ ಒಂದು ಬದಿಯ ಎಳೆತ ಇನ್ನೊಂದರ 4.8 ಪಟ್ಟು ಆಗುತ್ತದೆ. ನಿಮ್ಮ ತೂಕ ಸಾಮಾನು ಸೇರಿ 80 ಕೆ.ಜಿ. ಅಂದುಕೊಂಡರೆ, ಕಾಲಿನ ಸಹಾಯ ಇಲ್ಲದೆ ಬರೀ ಕೈಯಲ್ಲಿ ಮೇಲೇರಲು ಸುಮಾರು 66 ಕೆ.ಜಿ.ಯಷ್ಟು ಎಳೆಯಬೇಕು. ಘರ್ಷಣೆಯೇ ಇಲ್ಲದಿದ್ದರೆ ಅದು 40 ಆಗಿರುತ್ತಿತ್ತು. ನುಣುಪಾದ ರಿಂಗ್ ಮೇಲೆ ಓಡಿಸಿ ಗುಣಾಂಕವನ್ನು 0.2ಕ್ಕೆ ಇಳಿಸಿದರೆ 52ಕ್ಕೆ ಬರುತ್ತದೆ. ಒಂದೊಂದು ಎಳೆತಕ್ಕೂ 14 ಕೆ.ಜಿ. ಉಳಿತಾಯ. ಒಂದು ದಿನಕ್ಕೆ ಎಷ್ಟು ಸಲ ಎಳೆಯುತ್ತೀರಿ, ಎಣಿಸಿದ್ದೀರಾ?

ತಮಾಷೆ ಅಂದ್ರೆ ಈ ಲೆಕ್ಕದಲ್ಲಿ ಕೊಂಬೆಯ ದಪ್ಪ ಬರುವುದೇ ಇಲ್ಲ. ಸಣ್ಣ ಕೊಂಬೆ ಆದರೆ ಕಡಿಮೆ ಉಜ್ಜುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಎಷ್ಟು ಸುತ್ತಿದೆ, ಎಷ್ಟು ಒರಟಾಗಿದೆ, ಇವೆರಡೇ ಮುಖ್ಯ.

ಇನ್ನು ಮರದ ಪಾಡು ಬೇರೆ ಇದೆ. ಅದನ್ನು ಇನ್ನೊಬ್ಬರು ಕೇಳಿದ್ದಾರೆ, ಅಲ್ಲಿ ಹೇಳುತ್ತೇನೆ.

ಪ್ರಶ್ನೆ: ತೋಟಕ್ಕೆ ನೀರು ಬಿಡುವ ಪೈಪ್ ಒಂದು ತುಂಡು ಕತ್ತರಿಸಿ ಹಗ್ಗಕ್ಕೆ ತೊಡಿಸಿದರೆ ಸಾಕು ಅಂತ ಸ್ನೇಹಿತ ಹೇಳಿದ. ಸಾಕಾ?

ನಿಮ್ಮ ಸ್ನೇಹಿತ ಅರ್ಧ ಸರಿ. ಮನೆಯಲ್ಲಿ ಮಾಡುವುದಾದರೆ ಕೊಳವೆ ಬಗೆಯದೇ ಮಾಡಿ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಯಾಕೆ ಅಂದ್ರೆ ನಾನು ಯಾವ ಸಾಮಾನು ನೋಡಿದರೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಇದು ಕಿತ್ತುಹೋದರೆ ನಾನು ಎಲ್ಲಿರುತ್ತೇನೆ? ಕೊಳವೆ ಹರಿದರೆ, ಒಡೆದರೆ, ಜಾರಿ ಬಿದ್ದರೆ ಹಗ್ಗ ಕೊಂಬೆಯ ಮೇಲೆ ಕೂರುತ್ತದೆ. ನೀವು ಒಂದೆರಡು ಇಂಚು ಕುಸಿದು ಅಲ್ಲೇ ನೇತಾಡುತ್ತಿರುತ್ತೀರಿ, ಬೈಕೊಳ್ಳುತ್ತಾ. ನಿಮ್ಮ ತೂಕ ಹೊತ್ತಿರುವುದು ಹಗ್ಗ ಮತ್ತು ಕೊಂಬೆ, ಕೊಳವೆ ಬರೀ ಹಾಸಿಗೆ. ರಿಂಗ್ ಪಟ್ಟಿಯದು ಹಾಗಲ್ಲ, ಅದು ಕಿತ್ತರೆ ನೀವು ನೆಲದಲ್ಲಿ.

ಈಗ ನೀರಿನ ಪೈಪ್ ಯಾಕೆ ಅರ್ಧ ಮಾತ್ರ ಸರಿ ಅಂತ ಹೇಳುತ್ತೇನೆ. ನಾನು ಮೊದಲು ಮಾಡಿದ್ದೂ ಅದೇ. ತೆಳು ಗೋಡೆಯ ಪೈಪ್, ಅರ್ಧ ಮೀಟರ್ ತುಂಡು. ಕೊಂಬೆಯ ಮೇಲೆ ಬಾಗಿದ ಕೂಡಲೇ ನಡುವೆ ಮಡಚಿಕೊಂಡಿತು, ಹಗ್ಗ ಅದರೊಳಗೆ ಸಿಕ್ಕಿಕೊಂಡು ತೊಗಟೆಗಿಂತ ಬಿಗಿಯಾಗಿ ಹಿಡಿಯಿತು. ಕೆಳಗಿಳಿದು ಎಳೆದರೆ ಹಗ್ಗದ ತುದಿಯ ಗಂಟು ಪೈಪಿನ ಬಾಯೊಳಗೆ ಹೊಕ್ಕು ಕವಲಿನಲ್ಲಿ ಕಚ್ಚಿಕೊಂಡಿತು. ಆ ರಾತ್ರಿ ಹಗ್ಗ ಮರದಲ್ಲೇ ಮಲಗಿತು. ಬೆಳಿಗ್ಗೆ ಬೇರೆ ಹಗ್ಗ ಹಾಕಿ ಹತ್ತಿ ಬಿಡಿಸಿಕೊಂಡು ಬಂದೆ.

ಹಾಗಾಗಿ ಗೋಡೆ ದಪ್ಪ ಇರಲಿ, ಬಾಗಿಸಿದಾಗ ಮಡಚಬಾರದು. ಸುರುಳಿ ಉಂಗುರಗಳಿರುವ ಬಾಗುವ ಪೈಪ್ ಸಿಕ್ಕರೆ ಒಳ್ಳೇದು, ಆದರೆ ಒಳಮೈ ನುಣುಪಾಗಿರಬೇಕು. ಒಳಗೂ ಉಂಗುರ ಉಂಗುರ ಇದ್ದರೆ ಹಗ್ಗ ಪ್ರತಿ ಉಂಗುರಕ್ಕೂ ತಡೆದು ತಡೆದು ಓಡುತ್ತದೆ. ರಬ್ಬರ್ ಒಳಮೈಯೂ ಬೇಡ, ಅದು ಹಗ್ಗವನ್ನು ಹಿಡಿಯುತ್ತದೆ. 12 ಮಿ.ಮೀ. ಹಗ್ಗಕ್ಕೆ ಒಳವ್ಯಾಸ 20 ರಿಂದ 25 ಮಿ.ಮೀ. ಇದ್ದರೆ ಹಗ್ಗ ಆರಾಮಾಗಿ ಓಡುತ್ತದೆ, ತುದಿಯ ಗಂಟು ಒಳಗೆ ಹೋಗುವುದಿಲ್ಲ. ಆ ಗಂಟು ಒಳಗೆ ಹೋಗದಿರುವುದೇ ಮುಖ್ಯ, ನನ್ನ ರಾತ್ರಿ ಕತೆ ನೋಡಿದಿರಲ್ಲ.

ಉದ್ದ ಎಷ್ಟು? ಕೊಂಬೆಯ ಸುತ್ತಳತೆಯ ಅರ್ಧ, ಅದರ ಮೇಲೆ ಎರಡೂ ಬದಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಸೇರಿಸಿ. ಅಂದರೆ 20 ಸೆಂ.ಮೀ. ದಪ್ಪದ ಕೊಂಬೆಗೆ ಅರ್ಧ ಸುತ್ತು 31 ಸೆಂ.ಮೀ., ಎರಡು ಬದಿ 15-15, ಒಟ್ಟು 60 ಸೆಂ.ಮೀ. ಹತ್ತಿರ. ಇನ್ನೂ ಚಿಕ್ಕದು ಮಾಡಿದರೆ ನೀವು ಪಕ್ಕಕ್ಕೆ ಓಡಾಡಿದಾಗ ಕೊಳವೆ ಒಂದು ಬದಿಗೆ ಸರಿದು ಹಗ್ಗ ಮತ್ತೆ ತೊಗಟೆಗೆ ಬರುತ್ತದೆ.

ಕತ್ತರಿಸಿದ ಅಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗರಗಸದಲ್ಲಿ ಕೊಯ್ದ ಪ್ಲಾಸ್ಟಿಕ್ ಅಂಚು ಕಣ್ಣಿಗೆ ಚೆನ್ನಾಗೇ ಕಾಣುತ್ತದೆ, ಹಗ್ಗಕ್ಕೆ ಅದು ಚಾಕು. ನೀವು ನೇರ ಕೆಳಗೆ ಇಲ್ಲದೆ ಪಕ್ಕಕ್ಕೆ ಹೋದಾಗ ಹಗ್ಗ ಬಾಗುವುದು ಆ ಬಾಯಿಯ ಮೇಲೇ. ಮೊದಲು ಒಳಅಂಚನ್ನು ಚಾಕುವಿನಿಂದ ಓರೆಯಾಗಿ ಕೆರೆಯಿರಿ, ಆಮೇಲೆ ಉಪ್ಪುಕಾಗದ ಹಾಕಿ ಉಜ್ಜಿ. ಪಿವಿಸಿ ಆದರೆ ಬಾಯಿಯನ್ನು ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ, ಮೆತ್ತಗಾದ ಕೂಡಲೇ ಗಾಜಿನ ಬಾಟಲಿಯ ಕುತ್ತಿಗೆಗೆ ಒತ್ತಿ ಹಿಡಿದುಕೊಳ್ಳಿ, ತಣ್ಣಗಾಗುವಷ್ಟರಲ್ಲಿ ಕಹಳೆಯ ಬಾಯಿ ಹಾಗೆ ಅಗಲವಾಗಿರುತ್ತದೆ. ಕೊನೆಗೆ ಒಂದು ಹತ್ತಿ ಉಂಡೆಯನ್ನು ದಾರಕ್ಕೆ ಕಟ್ಟಿ ಕೊಳವೆಯೊಳಗೆ ಎಳೆಯಿರಿ. ಎಲ್ಲಾದರೂ ಒಂದು ಎಳೆ ಹತ್ತಿ ಅಂಟಿಕೊಂಡರೆ ಅಲ್ಲಿ ಇನ್ನೂ ಮುಳ್ಳಿದೆ. ಮತ್ತೆ ಉಜ್ಜಿ.

ಇನ್ನೊಂದು ಮಾತು. ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಸಿನಿಮಾ ಹೀರೋ ಹಾಗೆ ಸರ್ರನೆ ಇಳಿಯುವವರು ಈ ಕೊಳವೆಯ ಆಸೆ ಬಿಡಿ.

ಪ್ರಶ್ನೆ: ಕೊಳವೆಯನ್ನು ಕೆಳಗಿನಿಂದಲೇ ಕೊಂಬೆಯ ಮೇಲೆ ಕೂರಿಸುವುದು ಹೇಗೆ?

ಮೊದಲು ಎಸೆಯುವ ದಾರವನ್ನು, ಅಂದರೆ ತುದಿಗೆ ತೂಕ ಕಟ್ಟಿದ ಸಣ್ಣ ದಾರವನ್ನು, ಕವಲು ದಾಟಿಸಿ, ಅದರ ತುದಿಗೆ ಹಗ್ಗ ಕಟ್ಟಿ. ಹಗ್ಗಕ್ಕೆ ಕೊಳವೆ ತೊಡಿಸಿ, ಕೊಳವೆಯ ಕೆಳಬಾಯಿಗೆ ಒತ್ತಿದ ಹಾಗೆ ಹಗ್ಗದಲ್ಲಿ ಒಂದು ಜಾರುಗಂಟು ಹಾಕಿ. ಈ ಜಾರುಗಂಟು ನೆಲದ ಕಡೆಯ ಹಗ್ಗ ಎಳೆದರೆ ಬಿಚ್ಚಿಕೊಳ್ಳುವ ದಿಕ್ಕಿನಲ್ಲಿರಬೇಕು. ತಿರುಗಾ ಮುರುಗಾ ಹಾಕಿದರೆ ಎಳೆದಷ್ಟೂ ಬಿಗಿಯುತ್ತದೆ, ಹಾಗಾಗಿ ನೆಲದಲ್ಲೇ ಎರಡು ಸಲ ಎಳೆದು ನೋಡಿ. ಈಗ ದಾರ ಎಳೆದರೆ ಗಂಟು ಕೊಳವೆಯನ್ನು ತಳ್ಳಿಕೊಂಡು ಮೇಲೆ ಹೋಗುತ್ತದೆ. ಅರ್ಧ ಆ ಕಡೆ ಅರ್ಧ ಈ ಕಡೆ ಆದಾಗ ನಿಲ್ಲಿಸಿ, ನೆಲದ ಕಡೆಯ ಹಗ್ಗ ಜಗ್ಗಿ ಗಂಟು ಬಿಚ್ಚಿಸಿ. ಕೊಳವೆಯ ನಡುವೆ ಬಣ್ಣದ ಟೇಪ್ ಸುತ್ತಿಟ್ಟರೆ ಅರ್ಧ ಎಲ್ಲಿ ಅಂತ ಕೆಳಗಿನಿಂದ ಕಾಣುತ್ತದೆ.

ತೆಗೆಯುವಾಗ ಹಗ್ಗದ ಒಂದು ತುದಿಗೆ ಗಂಟು ಹಾಕಿ ಇನ್ನೊಂದು ತುದಿ ಎಳೆಯಿರಿ. ಗಂಟು ಮೇಲೆ ಹೋಗಿ ಕೊಳವೆಯನ್ನು ಕೊಂಬೆ ದಾಟಿಸಿ ಕೆಳಗೆ ಬೀಳಿಸುತ್ತದೆ. ಗಂಟಿನ ಬಾಲಕ್ಕೆ ಎಸೆಯುವ ದಾರ ಕಟ್ಟಿಟ್ಟಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಹಿಂದಕ್ಕೆ ಎಳೆದುಕೊಳ್ಳಬಹುದು, ಮತ್ತೆ ಹತ್ತಬೇಕಾಗಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಬೇಡ ಅನ್ನಿಸುತ್ತಿದೆ. ಚರ್ಮ ಅಥವಾ ಬೆಂಕಿ ನಂದಿಸುವವರ ಹಳೇ ಹೋಸ್ ಪೈಪ್ ಆಗುತ್ತಾ?

ಎರಡೂ ಆಗುತ್ತದೆ. ಹೋಸ್ ಪೈಪಿನ ಹೊರಮೈ ನೇಯ್ದ ಬಟ್ಟೆ, ಒಳಮೈ ರಬ್ಬರ್. ತುಂಡನ್ನು ಕಾಲುಚೀಲ ತಿರುವಿದ ಹಾಗೆ ಒಳಗಿನದು ಹೊರಗೆ ಮಾಡಿದರೆ ಹಗ್ಗಕ್ಕೆ ಬಟ್ಟೆ ಸಿಗುತ್ತದೆ, ಕೊಂಬೆಗೆ ರಬ್ಬರ್ ಸಿಗುತ್ತದೆ, ಅಲ್ಲಾಡದೆ ಕೂರುತ್ತದೆ. ಗಟ್ಟಿ ಪೈಪ್ ತಿರುವಲು ಬರುವುದಿಲ್ಲ, ಜಗಳ ಆಡಬೇಡಿ. ಈ ಪೈಪಿನ ಒಂದು ತೊಂದರೆ ಅಂದ್ರೆ ಚಪ್ಪಟೆ ಆಗಿಬಿಡುತ್ತದೆ, ಬಾಯಿ ತೆರೆದುಕೊಂಡಿರುವುದಿಲ್ಲ. ಎರಡು ತುದಿಗೂ ಅಂಚು ಮಡಚಿ ಒಂದೊಂದು ಪ್ಲಾಸ್ಟಿಕ್ ಬಳೆ ಸೇರಿಸಿ ಹೊಲಿದರೆ ಸರಿಹೋಗುತ್ತದೆ. ಈ ಬಳೆ ತೂಕ ಹೊರುವುದಿಲ್ಲ, ಯಾವುದಾದರೂ ನಡೆಯುತ್ತದೆ.

ಚರ್ಮ ನನಗೆ ಇಷ್ಟ. 3 ಮಿ.ಮೀ. ದಪ್ಪದ ಚರ್ಮವನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಅಂಚಿಗೆ ಆರಿಯಿಂದ ಸಮ ಅಂತರದಲ್ಲಿ ತೂತು ಹಾಕಿ, ಮೇಣ ಹಚ್ಚಿದ ದಪ್ಪ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಹೊಲಿಯುತ್ತಾ ಹೋಗಿ. ಒಂದು ಎಳೆ ಸವೆದರೂ ಇನ್ನೊಂದು ಹಿಡಿದಿರುತ್ತದೆ. ಹೊಲಿಗೆ ಸಾಲು ಯಾವಾಗಲೂ ಆಕಾಶದ ಕಡೆ ಇರಲಿ. ಹಗ್ಗ ಒತ್ತಿ ಉಜ್ಜುವುದು ಕೊಂಬೆಯ ಕಡೆಯ ಮೈಯನ್ನು, ಅಲ್ಲಿ ಹೊಲಿಗೆ ಇದ್ದರೆ ನಾಲ್ಕೇ ದಿನ. ಒಳಗೆ ಚರ್ಮದ ನುಣುಪು ಮೈ ಬರಬೇಕು. ಮಳೆಯಲ್ಲಿ ನೆನೆದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ.

ಪ್ರಶ್ನೆ: ಅಣ್ಣಾ, 25 ಮಿ.ಮೀ. ನೈಲಾನ್ ಪಟ್ಟಿ ತಗೊಂಡು ಎರಡು ತುದಿಗೂ ಕಬ್ಬಿಣದ ರಿಂಗ್ ಹಾಕಿ ದಪ್ಪ ದಾರದಲ್ಲಿ ಕೈಯಲ್ಲೇ ಹೊಲಿದಿದ್ದೇನೆ. ನಾನೂ ನನ್ನ ತಮ್ಮನೂ ಒಟ್ಟಿಗೆ ನೇತಾಡಿ ನೋಡಿದೆವು, ಏನೂ ಆಗಲಿಲ್ಲ. ಧೈರ್ಯವಾಗಿ ಬಳಸಬಹುದಲ್ವಾ?

ಬೇಡ. ಇವತ್ತೇ ಕತ್ತರಿ ಹಾಕಿ ಎರಡು ತುಂಡು ಮಾಡಿ, ಯಾರ ಕೈಗೂ ಸಿಗದ ಹಾಗೆ.

ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ. ನೀವಿಬ್ಬರೂ ಸೇರಿ 160 ಕೆ.ಜಿ. ಅಂದುಕೊಳ್ಳೋಣ. ಅದು ಸುಮಾರು 1.6 ಕಿಲೋನ್ಯೂಟನ್. ಮರ ಹತ್ತಿ ಮಾಡುವ ಕೆಲಸಕ್ಕೆ ಅಮೆರಿಕದಲ್ಲಿ ಪಾಲಿಸುವ ಝಡ್133 ಮಾನದಂಡ ಹತ್ತುವ ಹಗ್ಗಕ್ಕೆ ಕೇಳುವುದು 5,400 ಪೌಂಡ್, ಅಂದರೆ 24 ಕಿಲೋನ್ಯೂಟನ್. ಯುರೋಪಿನ ಇಎನ್ 1891 ಪ್ರಕಾರ ಎ ದರ್ಜೆ ಹಗ್ಗಕ್ಕೆ 22. ನೀವು ಪರೀಕ್ಷೆ ಮಾಡಿದ್ದು ಅದರಲ್ಲಿ ಹದಿನೈದನೇ ಒಂದು ಪಾಲು. ಇಷ್ಟೊಂದು ಯಾಕೆ ಬೇಕು ಅಂತ ಕೇಳಬಹುದು. ಹಗ್ಗ ಒಂದು ಮೊಳ ಸಡಿಲ ಇದ್ದಾಗ ಕಾಲು ಜಾರಿದರೆ ಬೀಳುವ ಏಟು ನಿಮ್ಮ ತೂಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅದರ ಮೇಲೆ ಬಿಸಿಲು, ಮಳೆ, ತೊಗಟೆಯ ಸವೆತ, ಗಂಟಿನ ಬಾಗು, ಒಂದೊಂದೂ ಒಂದೊಂದು ಪಾಲು ತಿನ್ನುತ್ತದೆ. ಹೊಸದರಲ್ಲಿ ಒಂದು ಸಲ ತಡೆದದ್ದು ಐವತ್ತನೇ ಸಲ ತಡೆಯುತ್ತದೆ ಅಂತ ಅದು ಹೇಳುವುದಿಲ್ಲ.

ಕೈ ಹೊಲಿಗೆಯ ಗುಣವೇ ಕೆಟ್ಟದ್ದು. ಒಂದು ಹೊಲಿಗೆ ಬಿಟ್ಟರೆ ಅದರ ಭಾರ ಪಕ್ಕದ್ದಕ್ಕೆ, ಅದು ಬಿಟ್ಟರೆ ಇನ್ನೊಂದಕ್ಕೆ, ಎಲ್ಲ ನೀವು ಮೇಲಿರುವಾಗ ಸದ್ದಿಲ್ಲದೆ ನಡೆಯುತ್ತದೆ. ಇನ್ನು ಆ ಕಬ್ಬಿಣದ ರಿಂಗ್. ಬೆಸುಗೆಯ ಗುರುತು ಎಲ್ಲಿದೆ ನೋಡಿ. ಅದರ ಮೇಲೆ ಎಷ್ಟು ಕಿಲೋನ್ಯೂಟನ್ ಅಂತ ಕೆತ್ತಿದೆಯಾ? ಇಲ್ಲ ಅಂದ್ರೆ ಅದು ದನ ಕಟ್ಟಲಿಕ್ಕೆ ಸರಿ, ಮನುಷ್ಯರಿಗಲ್ಲ.

ಪಟ್ಟಿಗೆ ಹೊಲಿಗೆ ಬದಲು ಗಂಟು ಹಾಕಿದರೆ ಅಂತ ನಿಮ್ಮ ಪತ್ರದ ಕೊನೆಯಲ್ಲಿದೆ. ಪಟ್ಟಿಗೆ ಹಾಕುವ ನೀರ್ಗಂಟು, ಅದೇ ವಾಟರ್ ನಾಟ್, ಭಾರ ಬಿದ್ದು ಬಿಟ್ಟು ಬಿದ್ದು ಬಿಟ್ಟು ಆಗುವಾಗ ಬಾಲವನ್ನು ಚೂರು ಚೂರೇ ಒಳಗೆ ಎಳೆದುಕೊಳ್ಳುತ್ತದೆ. ಓಡುವ ಹಗ್ಗದಲ್ಲಿ ದಿನವಿಡೀ ಆಗುವುದು ಅದೇ. ಬೇಡ.

ಆದರೂ ಕೈಯಲ್ಲೇ ಮಾಡಬೇಕು ಅನ್ನುವ ಹಟ ಇದ್ದರೆ ಒಂದು ದಾರಿ ಇದೆ. ಭಾಗಗಳನ್ನೆಲ್ಲ ಭಾರದ ಗುರುತಿರುವುದನ್ನೇ ಕೊಳ್ಳಿ, ನಿಮ್ಮ ಕೈಕೆಲಸ ಗಂಟಿಗೆ ಮಾತ್ರ ಇರಲಿ. ಗಂಟು ಕಣ್ಣಿಗೆ ಕಾಣುತ್ತದೆ, ದಿನಾ ನೋಡಬಹುದು, ಬಿಚ್ಚಿ ಮತ್ತೆ ಹಾಕಬಹುದು. ಹತ್ತುವ ಹಗ್ಗದ ಹೊಸ ತುಂಡು ಒಂದೂವರೆ ಮೀಟರ್. ಹಳೇ ಹಗ್ಗದ ತುಂಡು ಬೇಡವೇ ಬೇಡ, ಅದನ್ನು ಯಾಕೆ ಮೂಲೆಗೆ ಹಾಕಿದ್ದೆವು ಅನ್ನುವುದು ಆರು ತಿಂಗಳಲ್ಲಿ ಮರೆತುಹೋಗುತ್ತದೆ. ಒಂದು ತುದಿಗೆ ದೊಡ್ಡ ರಿಂಗ್ ಹಾಕಿ ಡಬಲ್ ಫಿಶರ್‌ಮನ್ ಗಂಟಿನ ಕುಣಿಕೆಯಲ್ಲಿ ಬಿಗಿಯಿರಿ, ಬಾಲ ಹತ್ತು ಸೆಂ.ಮೀ. ಬಿಡಿ. ಚಿಕ್ಕ ರಿಂಗನ್ನು ಶಾಖ ತಡೆಯುವ ಹೊದಿಕೆಯ 8 ಅಥವಾ 10 ಮಿ.ಮೀ. ದಾರದ ಕುಣಿಕೆಗೆ ಹಾಕಿ, ಆ ಕುಣಿಕೆಯನ್ನು ಹಗ್ಗದ ಮೇಲೆ ಮೂರು ಸುತ್ತಿನ ಪ್ರೂಸಿಕ್ ಗಂಟಾಗಿ ಕಟ್ಟಿ, ಅದು ಭಾರ ಬಿದ್ದರೆ ಕಚ್ಚುತ್ತದೆ, ಭಾರ ಇಲ್ಲದಾಗ ಸರಿಯುತ್ತದೆ. ಪ್ರೂಸಿಕ್ ಸರಿಸಿದರೆ ಉದ್ದ ಕಡಿಮೆ ಜಾಸ್ತಿ ಆಗುತ್ತದೆ, ದಪ್ಪ ಕೊಂಬೆಗೂ ಸಣ್ಣದಕ್ಕೂ ಒಂದೇ ಸಾಮಾನು. ಹಗ್ಗದ ಇನ್ನೊಂದು ತುದಿಗೆ ತಡೆಗಂಟು ಹಾಕುವುದನ್ನು ಮರೆತರೆ ಪ್ರೂಸಿಕ್ ಜಾರಿ ಹೊರಗೇ ಬಂದುಬಿಡಬಹುದು. ಡೈನೀಮಾ ಅನ್ನುವ ಸಿಂಥೆಟಿಕ್ ದಾರ ಗಟ್ಟಿ ಅಂತ ಅದನ್ನು ಪ್ರೂಸಿಕ್‌ಗೆ ಹಾಕುವವರಿದ್ದಾರೆ. ಅದು ಜಾರುತ್ತದೆ, ಮೇಲಾಗಿ 150 ಡಿಗ್ರಿ ಒಳಗೇ ಕರಗುತ್ತದೆ. ಪಾಲಿಯೆಸ್ಟರ್ ಆದರೆ 250 ದಾಟಬೇಕು.

ಮಾಡಿದ ಮೇಲೆ ಗಂಟು ಬಲ್ಲ ಇನ್ನೊಬ್ಬರಿಗೆ ತೋರಿಸಿ. ನೆಲದಿಂದ ಮೊಣಕಾಲೆತ್ತರದಲ್ಲಿ ಕಟ್ಟಿ ಒಂದು ದಿನವೆಲ್ಲ ಅದರಲ್ಲೇ ನೇತಾಡಿ, ಕುಪ್ಪಳಿಸಿ, ಪಕ್ಕಕ್ಕೆ ತೂಗಿ. ಗಂಟು ಎಲ್ಲಿಗೆ ಸರಿಯಿತು ಅಂತ ಪೆನ್ನಿನಲ್ಲಿ ಗುರುತು ಹಾಕಿ ನೋಡಿ. ಮೇಲೆ ಕಟ್ಟುವಾಗ ಎರಡೂ ರಿಂಗ್ ಕೊಂಬೆಯ ಕೆಳಗೆ ಅಕ್ಕಪಕ್ಕ ತೂಗುವಷ್ಟು ಉದ್ದ ಬಿಡಿ. ಕೊಂಬೆಯನ್ನು ಬಿಗಿಯಾಗಿ ತಬ್ಬಿ ರಿಂಗ್‌ಗಳು ಕಾಲು ಕಿಸಿದ ಹಾಗೆ ದೂರ ದೂರ ನಿಂತರೆ ಭಾರ ಏರುತ್ತಾ ಹೋಗುತ್ತದೆ. ಎರಡು ಎಳೆಗಳ ನಡುವಿನ ಕೋನ 120 ಡಿಗ್ರಿ ಆದರೆ ಒಂದೊಂದು ಎಳೆಯೂ ಅರ್ಧದ ಬದಲು ಪೂರ್ತಿ ಭಾರ ಹೊರಬೇಕಾಗುತ್ತದೆ.

ಪ್ರಶ್ನೆ: ರಿಂಗ್ ಬದಲು ಕ್ಯಾರಾಬಿನರ್ ಹಾಕಿದರೆ?

ಕ್ಯಾರಾಬಿನರ್ ಅಂದರೆ ತೆರೆದು ಮುಚ್ಚುವ ಬಾಗಿಲಿರುವ ಲೋಹದ ಕೊಕ್ಕೆ. ಓಡುವ ಹಗ್ಗಕ್ಕೆ ಬೇಡ. ತಿರುಪಿನ ಬೀಗ ಇರುವ ಕ್ಯಾರಾಬಿನರ್ ಮೇಲೆ ಹಗ್ಗ ಓಡುತ್ತಾ ಇದ್ದರೆ ತಿರುಪನ್ನು ತಾನೇ ಬಿಚ್ಚಿಬಿಡಬಹುದು, ಅದೂ ನೀವು ಹತ್ತು ಮೀಟರ್ ಕೆಳಗಿರುವಾಗ. ಜೊತೆಗೆ ಅದು ಹೊರಳಿ ಅಡ್ಡ ನಿಂತರೆ ಬಲ ಒಂದೇ ಸಲ ಕುಸಿಯುತ್ತದೆ. ಉದ್ದಕ್ಕೆ 20 ಕಿಲೋನ್ಯೂಟನ್ ತಡೆಯುವುದು ಅಡ್ಡಕ್ಕೆ 7ಕ್ಕೆ ಬರಬಹುದು. ರಿಂಗ್‌ಗೆ ಉದ್ದ ಅಡ್ಡ ಅಂತ ಇಲ್ಲ, ಬಾಗಿಲೂ ಇಲ್ಲ.

ಪ್ರಶ್ನೆ: ರಿಂಗಿನ ಸೇವರ್ ಕೊಂಡೆ. ಹತ್ತುವುದು ಹಗುರ ಆಯಿತು. ಆದರೆ ಇಳಿಯುವಾಗ ನನ್ನ ಗಂಟು ಸರಿಯಾಗಿ ಹಿಡಿಯುತ್ತಿಲ್ಲ, ಬಿಸಿಯೂ ಆಗುತ್ತಿದೆ. ಸೇವರ್ ಕೆಟ್ಟದ್ದಾ?

ಸೇವರ್ ತನ್ನ ಕೆಲಸ ಮಾಡುತ್ತಿದೆ. ಇಷ್ಟು ದಿನ ಕೊಂಬೆ ನಿಮ್ಮ ಗಂಟಿನ ಕೆಲಸವನ್ನೂ ಮಾಡುತ್ತಿತ್ತು, ನಿಮಗೆ ಗೊತ್ತಿರಲಿಲ್ಲ ಅಷ್ಟೇ.

ಮೊದಲ ಉತ್ತರದ ಲೆಕ್ಕವನ್ನೇ ತಿರುಗಿಸಿ. ಇಳಿಯುವಾಗ ಘರ್ಷಣೆ ನಿಮ್ಮ ಕಡೆ ಇರುತ್ತದೆ. 80 ಕೆ.ಜಿ.ಯಲ್ಲಿ ತೊಗಟೆಯ ಮೇಲೆ ಓಡುವಾಗ ಗಂಟಿನ ಬದಿಗೆ ಬರುತ್ತಿದ್ದದ್ದು ಸುಮಾರು 14 ಕೆ.ಜಿ. ಮಾತ್ರ. ರಿಂಗ್ ಮೇಲೆ ಅದು 28 ಆಯಿತು. ಗಂಟಿನ ಪಾಲಿಗೆ ಭಾರ ಎರಡು ಪಟ್ಟು, ಶಾಖವೂ ಹಾಗೇ. ರಾಟೆ ಇರುವ ಸೇವರ್ ಹಾಕಿದರೆ 40ರ ಹತ್ತಿರ ಹೋಗುತ್ತದೆ.

ಹೊಸ ಸೇವರ್ ಹಾಕಿದ ದಿನ ಯಾರೂ ನೇರ ಮೇಲೆ ಹೋಗಬಾರದು ಅನ್ನುವುದು ಇದಕ್ಕೇ. ಒಂದು ಆಳೆತ್ತರದಲ್ಲಿ ಗಂಟನ್ನು ಹೊಸದಾಗಿ ಹೊಂದಿಸಿಕೊಳ್ಳಿ. ಒಂದು ಸುತ್ತು ಜಾಸ್ತಿ ಹಾಕಿ ನೋಡಿ. ಕೈ ಬಿಟ್ಟ ತಕ್ಷಣ ಹಿಡಿಯಬೇಕು, ಪ್ರತಿ ಸಲವೂ. ಹತ್ತರಲ್ಲಿ ಒಂಬತ್ತು ಸಲ ಹಿಡಿದರೆ ಅದು ಹಿಡಿಯುವ ಗಂಟಲ್ಲ. ನಿಧಾನಕ್ಕೆ ಇಳಿಯಿರಿ. ಗಂಟಿನ ದಾರದ ಮೇಲೆ ಗಾಜಿನ ಹಾಗೆ ಮಿಂಚುವ ಗಟ್ಟಿ ಪದರ ಕಂಡರೆ ಅದು ಕರಗಿ ಹೆಪ್ಪುಗಟ್ಟಿದ ಗುರುತು, ದಾರ ಬದಲಿಸಿ.

ಪ್ರಶ್ನೆ: ರಿಂಗ್ ಸೇವರ್ ಕೆಳಗಿನಿಂದ ಎಳೆದರೆ ಬರುತ್ತದೆ ಅಂತಾರೆ. ನನ್ನದು ಬರುವುದಿಲ್ಲ, ಹಗ್ಗ ಮಾತ್ರ ಬರುತ್ತದೆ. ಎಲ್ಲಿ ತಪ್ಪಿದೆ?

ತುದಿ ತಪ್ಪಿದೆ, ಪಂದ್ಯ ಕಟ್ಟುತ್ತೇನೆ. ಎರಡು ರಿಂಗ್ ಬೇರೆ ಬೇರೆ ಅಳತೆ ಇರುವುದೇ ಇದಕ್ಕೆ. ಹಗ್ಗದ ತುದಿಗೆ ಒಂದು ಚೆಂಡೋ ಗಂಟೋ ಕಟ್ಟುತ್ತೀರಲ್ಲ, ಅದು ದೊಡ್ಡ ರಿಂಗಿನೊಳಗೆ ಸಲೀಸಾಗಿ ಹೋಗಬೇಕು, ಚಿಕ್ಕದರಲ್ಲಿ ಸಿಕ್ಕಿಕೊಳ್ಳಬೇಕು. ಹಾಗಾಗಿ ಅದನ್ನು ದೊಡ್ಡ ರಿಂಗ್ ಕಡೆಯ ತುದಿಗೆ ಕಟ್ಟಿ, ಚಿಕ್ಕ ರಿಂಗ್ ಕಡೆಯ ಹಗ್ಗ ಎಳೆಯಬೇಕು. ಚೆಂಡು ದೊಡ್ಡದನ್ನು ದಾಟಿ ಚಿಕ್ಕದನ್ನು ಹಿಡಿದು ಕೆಳಗೆ ಜಗ್ಗುತ್ತದೆ, ದೊಡ್ಡ ರಿಂಗ್ ಕೊಂಬೆ ಹತ್ತಿ ಆ ಕಡೆ ಇಳಿದು ಹಿಂದೆಯೇ ಬರುತ್ತದೆ. ಚೆಂಡು ಎರಡರಲ್ಲೂ ಹೋಗುವಷ್ಟು ಚಿಕ್ಕದಿದ್ದರೆ ಬರೀ ಹಗ್ಗ ಬರುತ್ತದೆ. ದೊಡ್ಡದರಲ್ಲೇ ಸಿಕ್ಕಿಕೊಂಡರೆ ಎರಡೂ ರಿಂಗ್ ಒಟ್ಟಿಗೆ ಬಿಗಿದು ಸೇವರ್ ಮೇಲೇ ಉಳಿಯುತ್ತದೆ. ಕೊಂಬೆ ದಾಟುವ ತುದಿಯಲ್ಲಿ ಪ್ರೂಸಿಕ್ಕೂ ಬಾಲವೂ ಇದ್ದರೆ ಕವಲಿನಲ್ಲಿ ಸಿಕ್ಕಿಕೊಳ್ಳುವುದು ಗ್ಯಾರಂಟಿ. ಮೇಲಿನ ಉತ್ತರದಲ್ಲಿ ದೊಡ್ಡ ರಿಂಗನ್ನು ಪ್ರೂಸಿಕ್ ಇಲ್ಲದ ತುದಿಗೆ ಹಾಕಿ ಅಂದಿದ್ದು ಇದಕ್ಕೇ. ಎಲ್ಲವನ್ನೂ ಮೇಲೆ ಕಳಿಸುವ ಮೊದಲು ಕೈಯಲ್ಲಿ ಹಿಡಿದು ಒಂದು ಸಲ ಎಳೆದು ನೋಡಿ, ಅರ್ಧ ನಿಮಿಷದ ಕೆಲಸ.

ಬರುವಾಗ ಅದು ತೂಕದ ಲೋಹ, ಅದೂ ಚಾಟಿ ಬೀಸಿದ ಹಾಗೆ ಬರುತ್ತದೆ. ಒಂದು ಸಲ ನನ್ನ ಹೆಲ್ಮೆಟ್ ಮೇಲೆ ಬಿದ್ದು ಬಣ್ಣ ಕಿತ್ತುಹೋಗಿತ್ತು. ಇಳಿದಾಯಿತು ಅಂತ ಹೆಲ್ಮೆಟ್ ತೆಗೆದು ಮರಕ್ಕೆ ಒರಗಿ ಎಳೆಯುವವರನ್ನು ನೋಡಿದರೆ ಈಗಲೂ ಕೂಗುತ್ತೇನೆ. ಚೆಂಡಿನ ಹಿಂದೆ ಎಸೆಯುವ ದಾರ ಕಟ್ಟಿಕೊಂಡರೆ ಮೆಲ್ಲಗೆ ಇಳಿಸಬಹುದು. ರಿಂಗ್ ಕಲ್ಲಿನ ಮೇಲೆ ಬಿದ್ದು ಕಚ್ಚು ಆಗುವುದೂ ತಪ್ಪುತ್ತದೆ.

ಪ್ರಶ್ನೆ: ಒಂದು ಹಗ್ಗ ಉಜ್ಜಿದರೆ ಅಷ್ಟು ದೊಡ್ಡ ಮರಕ್ಕೆ ಏನಾಗುತ್ತದೆ ಹೇಳಿ?

ಒರಟು ದಪ್ಪ ತೊಗಟೆಯ ಹಳೇ ಮರಕ್ಕೆ ಒಂದು ದಿನದ ಹತ್ತಾಟದಿಂದ ಅಷ್ಟೇನೂ ಆಗದು. ತೆಳು ತೊಗಟೆಯ ಮರಕ್ಕೆ ಹೋಗಿ, ಹಗ್ಗ ಓಡಿದ ಜಾಗದಲ್ಲಿ ಉಗುರಿನಿಂದ ಸ್ವಲ್ಪ ಕೆರೆಯಿರಿ. ಹಸಿ ಹಸಿಯಾಗಿ ಒದ್ದೆ ಹತ್ತುತ್ತದೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಅಂತ ತೆಳ್ಳನೆ ಪದರ ಇದೆ, ಮರ ದಪ್ಪ ಆಗುವುದು ಅದರಿಂದಲೇ. ಅದರ ಹೊರಗಿನ ಒಳತೊಗಟೆಯಲ್ಲಿ ಎಲೆ ಮಾಡಿದ ಆಹಾರ ಕೆಳಗೆ ಹರಿಯುತ್ತದೆ. ಹಗ್ಗ ಗರಗಸದ ಹಾಗೆ ಓಡಾಡಿ ಅಲ್ಲಿಗೆ ಇಳಿದರೆ ಗಾಯ. ಮರ ನಮ್ಮ ಚರ್ಮದ ಹಾಗೆ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ. ಸುತ್ತ ಗೋಡೆ ಕಟ್ಟಿಕೊಂಡು ಅದನ್ನು ಒಳಗೇ ಮುಚ್ಚಿಹಾಕುತ್ತದೆ, ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶಿಗೋ ಇದನ್ನು ಸಾವಿರಾರು ಮರಗಳನ್ನು ಸೀಳಿ ತೋರಿಸಿದರು. ಗಾಯ ಆಗಿದ್ದು ಯಾವ ಕವಲಿನಲ್ಲಿ? ಮುಂದಿನ ವರ್ಷ ನೀವು ಮತ್ತೆ ನೇತಾಡಲು ಆರಿಸುವ ಅದೇ ಗಟ್ಟಿ ಕವಲಿನಲ್ಲಿ. ಇನ್ನೂ ಒಂದು, ತೊಗಟೆಯ ಪುಡಿ, ಅಂಟು, ಮರಳು ಎಲ್ಲ ಹಗ್ಗದ ಎಳೆಯೊಳಗೆ ಸೇರಿ ಒಳಗಿನಿಂದಲೇ ಅದನ್ನು ಕೊಯ್ಯುತ್ತಾ ಇರುತ್ತವೆ.

ಪ್ರಶ್ನೆ: ನಾನು ಒಂಟಿ ಹಗ್ಗದಲ್ಲಿ ಹತ್ತುತ್ತೇನೆ, ಹಗ್ಗ ಓಡುವುದೇ ಇಲ್ಲ. ನನಗೂ ಬೇಕಾ?

ಉಜ್ಜಾಟಕ್ಕೆ ಅಂತ ಬೇಕಿಲ್ಲ. ಆದರೆ ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟುವವರಾದರೆ ಮೇಲಿನ ಕೊಂಬೆಯ ಮೇಲೆ ಬೀಳುವುದು ನಿಮ್ಮ ತೂಕದ ಎರಡು ಪಟ್ಟಿನ ಹತ್ತಿರ. ನೀವು ಕುಪ್ಪಳಿಸಿ ಏರುವಾಗ ಹಗ್ಗ ಅಲ್ಲೇ ಚೂರು ಚೂರು ಹಿಂದೆ ಮುಂದೆ ಕೊಯ್ಯುತ್ತಿರುತ್ತದೆ. ಒಂದು ಚರ್ಮದ ಕೊಳವೆ ಹಾಕಿದರೆ ನಷ್ಟ ಇಲ್ಲ. ಕೊಂಬೆ ಆರಿಸುವಾಗ ಮಾತ್ರ ಆ ಎರಡು ಪಟ್ಟು ನೆನಪಿರಲಿ.

ಪ್ರಶ್ನೆ: ಮನೆಯಲ್ಲಿ ಮಾಡಿದ್ದನ್ನು ಎಷ್ಟು ದಿನ ಬಳಸಬಹುದು?

ದಿನದ ಲೆಕ್ಕ ಹೇಳಲಾರೆ, ನೋಡಿ ಹೇಳಬೇಕು. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಕೊಂಬೆಯ ಕಡೆಯ ಮೈಯಲ್ಲಿ ಹಗ್ಗ ಒಂದು ಗಾಡಿಜಾಡು ತೋಡಿರುತ್ತದೆ. ಗೋಡೆ ಅರ್ಧ ಸವೆದಿದ್ದರೆ ಬಿಸಾಡಿ, ಇನ್ನೊಂದು ಮಾಡಿಕೊಳ್ಳುವುದಕ್ಕೆ ಒಂದು ಗಂಟೆ ಸಾಕು. ಬಾಯಿ ಸೀಳಿದ್ದರೆ ಟೇಪ್ ಸುತ್ತಿ ನಡೆಸಬೇಡಿ, ಟೇಪಿನ ಅಂಟು ಹಗ್ಗಕ್ಕೆ ಹತ್ತಿ ಗಂಟು ಹಿಡಿಯುವ ರೀತಿಯೇ ಬದಲಾಗುತ್ತದೆ. ರಿಂಗಿನ ಒಳಗೆ ಬೆರಳು ಆಡಿಸಿ, ಜಾಡು ಕಂಡರೂ ಮುಳ್ಳು ಚುಚ್ಚಿದರೂ ಅದು ಮುಗಿದ ಹಾಗೆ. ಗಂಟು ಹಾಕಿದ ಹಗ್ಗದ ತುಂಡನ್ನು ಹತ್ತುವ ಹಗ್ಗದ ಜೊತೆಗೇ ಬದಲಿಸಿ, ಮೊದಲು ದಿನಾಂಕ ಬರೆದ ಒಂದು ಚೀಟಿ ಅದರ ಬಾಲಕ್ಕೆ ಕಟ್ಟಿಡಿ. ಮಳೆಗೆ ಅಳಿಸದ ಶಾಯಿಯಲ್ಲಿ ಬರೆಯಿರಿ. ನನ್ನ ಮೊದಲ ಚೀಟಿಯಲ್ಲಿ ಈಗ ಉಳಿದಿರುವುದು ಒಂದು ನೀಲಿ ಕಲೆ ಮಾತ್ರ.